ರಿಪೋರ್ಟಿನಲ್ಲಿದ್ದ ಕದಿರೇಶ

ಏಪ್ರಿಲ್ ೧೫, ಮಂಗಳವಾರ

ದಿನಾ ನಾಲ್ಕು ಸಾಲು ಬರೀರಿ ಅಂದ್ರು ಕೌನ್ಸೆಲಿಂಗ್ ಮೇಡಮ್ಮು. ಯಾರಿಗೂ ತೋರಿಸೋದು ಬೇಡ, ನನಗೂ ಬೇಡ, ನಿಮಗೆ ನೀವೇ ಬರ್ಕೊಳ್ಳಿ, ಮೊದಲು ನೀವು ಯಾರು ಅಂತ ಬರೀರಿ ಅಂದ್ರು. ಬರೆಯೋಕೆ ಏನಿದೆ ನನ್ನ ತಲೆ! ಹತ್ತನೇ ಕ್ಲಾಸಾದ್ಮೇಲೆ ನಾನು ಪೆನ್ನು ಹಿಡಿದಿರೋದು ಸೈನ್ ಹಾಕೋಕೆ ಮಾತ್ರ. ಗೊಬ್ಬರದ ಕಂಪನಿಯೋರು ಕೊಟ್ಟ ಡೈರಿ ಜನವರಿಯಿಂದ ಟಿ.ವಿ. ಪಕ್ಕ ಖಾಲಿ ಬಿದ್ದಿತ್ತು, ಅದರಲ್ಲಿ ಬರೀತಿದ್ದೀನಿ.

ನಾನು ಕದಿರೇಶ. ಕೋಲಾರದ ಟೊಮೆಟೊ ಮಾರ್ಕೆಟ್ಟಲ್ಲಿ ಸುಬ್ಬರಾಯಪ್ಪನೋರ ಮಂಡಿಯಲ್ಲಿ ಹರಾಜು ಕೂಗ್ತೀನಿ. ಹತ್ತೊಂಬತ್ತು ವರ್ಷ ಆಯ್ತು. ಸಾಲು ಸಾಲು ಬಾಕ್ಸಿನ ಮಧ್ಯೆ ನಡೀತಾ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೂಗ್ಬೇಕು. ಮೆಲ್ಲಗೆ ಮಾತಾಡಿದ್ರೆ ಅಲ್ಲಿ ಯಾವನೂ ತಿರುಗಿ ನೋಡಲ್ಲ. ಮನೆಯಲ್ಲೂ ಅದೇ ಗಂಟಲು. ನನ್ನ ಹೆಂಡತಿ ಆಶಾರಾಣಿಯ ತಕರಾರು ಅದೇ.

ಹೋದ ಶುಕ್ರವಾರ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ತಟ್ಟೆ ಎತ್ತಿ ಗೋಡೆಗೆ ಬೀಸಿದೆ. ಯಾರಿಗೂ ತಗಲಲಿಲ್ಲ. ಹೆಂಡತಿ ಮಗಳ ಮೇಲೆ ಕೈ ಮಾಡಿದೋನಲ್ಲ ನಾನು, ಇವತ್ತಿನವರೆಗೂ ಮಾಡಿಲ್ಲ. ಆದ್ರೆ ಶಿರೀಷ, ನನ್ನ ಮಗಳು, ಒಂಬತ್ತು ವರ್ಷ, ಓಡಿಹೋಗಿ ಅಕ್ಕಿ ಡ್ರಮ್ಮಿನ ಹಿಂದೆ ಕೂತ್ಕೊಂಡ್ಲು. ಎಷ್ಟು ಕರೆದ್ರೂ ಈಚೆಗೆ ಬರ್ಲಿಲ್ಲ. ಬಾ ಅಂತ ಇನ್ನೂ ಜೋರಾಗಿ ಕೂಗಿದೆ. ಆಮೇಲೆ ಅಲ್ಲಿಂದ ಉಸಿರಿನ ಸದ್ದೂ ಬರ್ಲಿಲ್ಲ.

ಮಾರನೇ ದಿನ ಆಶಾ ಮಗೂನ ಕರ್ಕೊಂಡು ದೇವರಾಯಸಮುದ್ರಕ್ಕೆ, ಅವರಮ್ಮನ ಮನೆಗೆ ಹೋದ್ಲು. ಬಸ್ ಹತ್ತೋ ಮುಂಚೆ ಹೇಳಿದ್ದಿಷ್ಟೇ: "ಆ ಮೇಡಂ ಹತ್ರ ಹೋಗಿ. ಕೇಳಿದ್ದಕ್ಕೆಲ್ಲ ನಿಜ ಹೇಳಿ. ಸ್ಕೂಲು ಶುರುವಾಗೋದ್ರೊಳಗೆ ನೀವು ಸರಿಯಾಗ್ಲಿಲ್ಲ ಅಂದ್ರೆ ಇವಳ ಟಿ.ಸಿ. ತಗೊಂಡು ಮುಳಬಾಗಿಲಲ್ಲಿ ಸೇರಿಸ್ತೀನಿ."

ಸ್ಕೂಲು ಶುರುವಾಗೋದು ಮೇ ಇಪ್ಪತ್ತೊಂಬತ್ತಕ್ಕೆ.

ಏಪ್ರಿಲ್ ೧೯, ಶನಿವಾರ

ಕ್ಲಾಕ್ ಟವರ್ ಹತ್ರ ಮೆಡಿಕಲ್ ಸ್ಟೋರ್ ಮೇಲೆ ಮೇಡಮ್ಮಿನ ಕೋಣೆ. ವಾಣಿಶ್ರೀ ಅಂತ ಹೆಸರು. ಇವತ್ತು ಪರೀಕ್ಷೆ ಕೊಟ್ರು. ಈ ವಯಸ್ಸಲ್ಲಿ ಪರೀಕ್ಷೆ! ನೂರಿಪ್ಪತ್ತು ವಾಕ್ಯ, ಪ್ರತಿಯೊಂದರ ಮುಂದೆ ಒಂದರಿಂದ ಐದರವರೆಗೆ ನಂಬರ್ ಹಾಕ್ಬೇಕು. ಹೆಂಗೆ ಹಾಕೋದು ಅಂತ ಮೇಲ್ಗಡೆ ಬರ್ದಿದೆ, ಓದ್ಕೊಂಡು ಹಾಕಿ ಅಂತ ಹೇಳಿ ಫೋನ್ ಬಂತು ಅಂತ ಈಚೆಗೆ ಹೋದ್ರು.

ಓದೋದೇನು ಬಂತು? ದಿನಕ್ಕೆ ಸಾವಿರ ಬಾಕ್ಸಿಗೆ ನಂಬರ್ ಹೇಳೋನು ನಾನು. ಒಂದನೇ ನಂಬರ್ ಅಂದ್ರೆ ಅಪ್ಪಟ ಮಾಲು. ಐದನೇ ನಂಬರ್ ಅಂದ್ರೆ ದನಕ್ಕೆ ಹಾಕೋದು. ಅದೇ ಲೆಕ್ಕದಲ್ಲಿ ಸರಸರ ಹಾಕಿದೆ.

ಆಶಾ ನಿಜ ಹೇಳಿ ಅಂದಿದ್ಲಲ್ಲ, ಒಂದಕ್ಕೂ ಸುಳ್ಳು ಬರೀಲಿಲ್ಲ. "ಸಣ್ಣ ವಿಷಯಕ್ಕೂ ಜೋರಾಗಿ ಕೂಗಾಡುತ್ತೇನೆ" ಅಂತಿತ್ತು. ಅಪ್ಪಟ ನಿಜ, ಒಂದು ಹಾಕಿದೆ. "ಬೇರೆಯವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತೇನೆ" ಅಂತಿತ್ತು. ಎಲ್ಲಿ ಬಂತು, ಐದು. "ನನ್ನ ನೋವನ್ನು ಮನೆಯವರ ಹತ್ತಿರ ಹೇಳಿಕೊಳ್ಳುತ್ತೇನೆ." ಐದು. ಮುಗಿಯೋ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟ್ಕೊಂಡಿತ್ತು. ನನ್ನ ಬಗ್ಗೆ ನಾನೇ ಪೊಲೀಸ್ ಸ್ಟೇಷನ್ನಲ್ಲಿ ಕಂಪ್ಲೇಂಟ್ ಬರೆದುಕೊಟ್ಟಂಗಾಯ್ತು.

ಏಪ್ರಿಲ್ ೨೬, ಶನಿವಾರ

ರಿಪೋರ್ಟ್ ಬಂತು.

ಮೇಡಂ ಓದಿ ಹೇಳಿದ್ರು. ನಾನು ತಾಳ್ಮೆ ಇರೋ ಮನುಷ್ಯ ಅಂತೆ. ಸಿಟ್ಟು ಬಹಳ ಕಡಿಮೆ ಅಂತೆ. ಎದುರಿನವರು ಹೇಳೋದನ್ನ ಪೂರ್ತಿ ಕೇಳ್ತೀನಂತೆ. ಮನಸ್ಸಲ್ಲಿ ಇರೋದನ್ನ ಮನೆಯವರ ಹತ್ರ ಬಿಚ್ಚಿ ಹೇಳ್ಕೊಳ್ತೀನಂತೆ. ತಪ್ಪಾದ್ರೆ ಒಪ್ಕೊಳ್ತೀನಂತೆ.

"ನನಗೆ ಸ್ವಲ್ಪ ಆಶ್ಚರ್ಯ ಆಯ್ತು ಕದಿರೇಶ್. ನಿಮ್ಮನೆಯವರು ಫೋನಲ್ಲಿ ಹೇಳಿದ್ದಕ್ಕೂ ಇದಕ್ಕೂ ಹೊಂದ್ತಾ ಇಲ್ಲ. ನಿಮಗೇನನ್ಸುತ್ತೆ? ಇದು ನೀವೇನಾ?" ಅಂದ್ರು.

ಏನು ಹೇಳ್ಲಿ? ಯಾರಾದ್ರೂ ನನ್ನ ಬಗ್ಗೆ ಇಷ್ಟು ಒಳ್ಳೆ ಮಾತು ಆಡಿ ಎಷ್ಟು ಕಾಲ ಆಯ್ತು! "ಹೂಂ ಮೇಡಂ, ನಾನೇ" ಅಂದ್ಬಿಟ್ಟೆ.

ಬಸ್ಸಲ್ಲಿ ಯೋಚನೆ ಮಾಡಿದೆ. ನಾನಂತೂ ನನ್ನ ತಪ್ಪನ್ನೆಲ್ಲ ಮುಚ್ಚುಮರೆ ಇಲ್ದೆ ಬರ್ದುಕೊಟ್ಟಿದ್ದೀನಿ. ಅಷ್ಟು ಕೆಟ್ಟದಾಗಿ ಬರ್ಕೊಂಡ್ರೂ ಪರೀಕ್ಷೆ ಹಿಂಗೆ ಹೇಳುತ್ತೆ ಅಂದ್ರೆ, ನಾನು ಬರ್ದಿದ್ದನ್ನ ದಾಟಿ ಒಳಗಿರೋದನ್ನ ನೋಡಿದೆ ಅಂತ ಅರ್ಥ. ಇಂಥದ್ದಕ್ಕೇ ಅಲ್ವಾ ಅವರು ಅಷ್ಟು ಓದಿರೋದು? ಎಕ್ಸ್‌ರೇ ತೆಗೆದಾಗ ಮೂಳೆ ಕಾಣಲ್ವಾ, ಹಂಗೆ.

ಏಪ್ರಿಲ್ ೨೭, ಭಾನುವಾರ

ಫೋನಲ್ಲಿ ಆಶಾಗೆ ರಿಪೋರ್ಟ್ ಓದಿದೆ. ಮೊದಲು ನಕ್ಕಳು. ನಗೋದು ಅಂದ್ರೆ ಹೊಟ್ಟೆ ಹಿಡ್ಕೊಂಡು. ಆಮೇಲೆ ನಗು ನಿಂತು, "ಯಾವನದೋ ರಿಪೋರ್ಟ್ ಎತ್ಕೊಂಡು ಬಂದಿದ್ದೀರಾ? ಮೇಡಂ ಹತ್ರಾನೂ ಸುಳ್ಳು ಬರೆದ್ರಾ?" ಅಂದ್ಲು.

"ನಿನ್ನಾಣೆ ಕಣೇ, ಒಂದಕ್ಷರ ಸುಳ್ಳು ಬರ್ದಿಲ್ಲ" ಅಂದೆ.

"ಹಂಗಾದ್ರೆ ಅವನನ್ನ ಕಳಿಸಿಕೊಡಿ, ಆ ರಿಪೋರ್ಟಿನೋನನ್ನ. ಅವನ ಜೊತೆ ಸಂಸಾರ ಮಾಡ್ತೀನಿ" ಅಂತ ಫೋನ್ ಇಟ್ಲು.

ಎಂಥ ಮಾತು! ಫೋನ್ ಎತ್ತಿ ಬಿಸಾಕೋಣ ಅನ್ನಿಸ್ತು. ಸಿಟ್ಟು ಬಹಳ ಕಡಿಮೆ ಅಂತ ಇದೆಯಲ್ಲ ಅಂತ ನೆನಪಾಗಿ ಚಾರ್ಜಿಗೆ ಹಾಕಿದೆ. ತೋರಿಸ್ತೀನಿ ಇವಳಿಗೆ.

ಏಪ್ರಿಲ್ ೩೦, ಬುಧವಾರ

ಲಕ್ಕೂರು ಕಡೆಯ ಮಾಲು ಶಾನವಾಜಿಗೆ ಹೋಗಿತ್ತು. ಶಾನವಾಜ್ ನಮ್ಮ ಮಂಡಿಗೆ ದಿನಾ ಬರೋ ವ್ಯಾಪಾರಿ, ಕೊಳ್ಳೋದಕ್ಕಿಂತ ತಕರಾರೇ ಜಾಸ್ತಿ. ಹರಾಜು ಮುಗಿದ ಮೇಲೆ ಬಂದು ಈ ಮಾಲು ಬೇಡ ಅಂದ. ಕೂಗಿದ ಮೇಲೆ ಬೇಡ ಅನ್ನೋ ಪದ್ಧತಿ ನಮ್ಮಲ್ಲಿ ಇಲ್ವೇ ಇಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ, ಎದುರಿನವರು ಹೇಳೋದನ್ನ ಪೂರ್ತಿ ಕೇಳ್ತಾನೆ ಅಂತ ಬರ್ದಿದಾರಲ್ಲ, ಕೇಳೋಣ ಅಂತ ಬಾಯಿ ಮುಚ್ಚಿದೆ.

ಅವನೇ ಗಾಬರಿಯಾದ. "ಏನಾಯ್ತಣ್ಣ, ಹುಷಾರಿಲ್ವಾ?" ಅಂದ.

"ಹೇಳಪ್ಪಾ, ಕೇಳ್ತಿದ್ದೀನಿ" ಅಂದೆ. ಬಾಕ್ಸ್ ಬಗ್ಗಿಸಿ ತೋರಿಸಿದ. ಮೇಲೆ ಎರಡು ವರಸೆ ಚೆನ್ನಾಗಿತ್ತು, ಕೆಳಗೆಲ್ಲ ನೀರಾಗಿತ್ತು. ಅವನು ಹೇಳಿದ್ದೇ ಸರಿ. ರೈತನನ್ನ ಕರೆದು ಇಬ್ಬರನ್ನೂ ಕೂರಿಸಿ ಮಾತಾಡಿಸಿ ದರ ಇಳಿಸಿದ್ವಿ. ಹತ್ತು ನಿಮಿಷದಲ್ಲಿ ಮುಗೀತು. ಮೊದಲಾಗಿದ್ರೆ ಮಧ್ಯಾಹ್ನದವರೆಗೂ ಕೂಗಾಡ್ತಿದ್ದೆ.

ಸರಿ, ಪರೀಕ್ಷೆ ಸುಳ್ಳು ಹೇಳಿಲ್ಲ.

ಮೇ ೩, ಶನಿವಾರ

ಬಿಸಿಲು. ಸಾರು ನಾನೇ ಮಾಡಿದೆ. ಉಪ್ಪು ಜಾಸ್ತಿ ಆಯ್ತು. ತಿಂದೆ.

ಮೇ ೬, ಮಂಗಳವಾರ

ಶಿರೀಷ ಫೋನಿಗೆ ಬಂದ್ಲು. ಊಟ ಆಯ್ತಾ ಅಂದೆ, ಹೂಂ. ಅಜ್ಜಿ ಹೆಂಗಿದಾರೆ ಅಂದೆ, ಹೂಂ. ಆಟ ಆಡ್ತಿದ್ದೀಯಾ ಅಂದೆ, ಹೂಂ. ಆಶಾ ಪಕ್ಕದಲ್ಲಿ ನಿಂತು ಮಾತಾಡಮ್ಮ ಅಂತ ದೂಡ್ತಾ ಇರೋದು ಕೇಳಿಸ್ತು. ಈ ಮಗು ಸ್ಕೂಲಿಂದ ಬಂದ್ರೆ ಬಾಯಿ ಮುಚ್ತಿರಲಿಲ್ಲ. ಆದ್ರೆ ಅದೆಲ್ಲ ಅವರಮ್ಮನ ಹತ್ರ, ಅಡುಗೆಮನೆಯಲ್ಲಿ. ನಾನು ಮನೆಗೆ ಬಂದ ತಕ್ಷಣ ಮಾತು ನಿಲ್ತಿತ್ತು. ಇದನ್ನ ಇವತ್ತು ಬರೆಯೋವಾಗ ಗೊತ್ತಾಗ್ತಿದೆ.

ಆಮೇಲೆ ಆಶಾಗೆ ಒಂದು ವಿಷಯ ಹೇಳಿದೆ. ಫೆಬ್ರವರಿಯಲ್ಲಿ ಗಂಟಲ ಡಾಕ್ಟ್ರಿಗೆ ತೋರಿಸಿದ್ದೆ. ಒಳಗೆ ಸಣ್ಣ ಗಂಟಾಗಿದೆ, ಕೂಗೋದು ನಿಲ್ಲಿಸದಿದ್ರೆ ಧ್ವನಿ ಹೋಗುತ್ತೆ ಅಂದಿದ್ರು. ಕೂಗೋದು ಬಿಟ್ರೆ ನನಗೆ ಇನ್ನೇನು ಬರುತ್ತೆ? ಮೂರು ತಿಂಗಳಿಂದ ಇದನ್ನ ಒಬ್ಬನೇ ಇಟ್ಕೊಂಡು ತಿರುಗ್ತಿದ್ದೆ. ಹೇಳೋ ಮನಸ್ಸೇನೂ ಇರಲಿಲ್ಲ, ಆದ್ರೆ ನೋವನ್ನ ಮನೆಯವರ ಹತ್ರ ಹೇಳ್ಕೊಳ್ತಾನೆ ಅಂತ ರಿಪೋರ್ಟಲ್ಲಿದೆ. ಇದೆ ಅಂದ್ಮೇಲೆ ಹೇಳ್ಬೇಕಲ್ಲ.

ಆಶಾ, "ಫೆಬ್ರವರಿಯಿಂದನಾ?" ಅಂದ್ಲು. "ಬಿಸಿನೀರು ಕುಡೀರಿ" ಅಂದ್ಲು. ಅಷ್ಟೇ. ಆದ್ರೆ ಫೋನ್ ಇಡೋಕೆ ಅವಳಿಗೂ ಮನಸ್ಸಿರಲಿಲ್ಲ.

ಮೇ ೧೧, ಭಾನುವಾರ

ದೇವರಾಯಸಮುದ್ರಕ್ಕೆ ಹೋಗಿದ್ದೆ. ಅತ್ತೆ ದೊಡ್ಡಗಂಗಮ್ಮ ಬಾಗಿಲಲ್ಲೇ ಇದ್ರು. "ರಾ ನಾಯ್ನಾ, ಕೂಚೋ" ಅಂತ ತೆಲುಗಲ್ಲೇ ಕರೆದು, ಕೂತ್ಕೊಳ್ಳೋಕೆ ಚಾಪೆ ಹಾಕಿದ್ರು. ಬೈಯ್ತಾರೆ ಅಂತ ಗಟ್ಟಿ ಮಾಡ್ಕೊಂಡು ಹೋಗಿದ್ದೆ, ಬೈಯಲಿಲ್ಲ. ಅದಕ್ಕೇ ಇನ್ನೂ ನಾಚಿಕೆ ಆಯ್ತು.

ಶಿರೀಷ ಅಜ್ಜಿಯ ಸೆರಗು ಬಿಡ್ಲಿಲ್ಲ. ನಾನೂ ಬಲವಂತ ಮಾಡ್ಲಿಲ್ಲ. ಸಾಯಂಕಾಲ ಎಲ್ಲರೂ ಕೆರೆ ಏರಿ ಮೇಲೆ ನಡೆದ್ವಿ, ಅವಳು ಹತ್ತು ಹೆಜ್ಜೆ ಹಿಂದೆ.

ಆಶಾ ಹೇಳಿದ್ಲು: "ಮೇಡಂ ಅದೇ ಪ್ರಶ್ನೆಗಳನ್ನ ನನಗೂ ಕಳಿಸಿದ್ರು, ನಿಮ್ಮ ಬಗ್ಗೆ ತುಂಬೋಕೆ. ತುಂಬಿದ್ದೀನಿ. ನೀವು ಹೆಂಗಿದ್ರೋ ಹಂಗೆ ತುಂಬಿದ್ದೀನಿ, ಬೇಜಾರು ಮಾಡ್ಕೋಬೇಡಿ." ಕವರ್ ಅಂಟಿಸಿ ನನ್ನ ಕೈಗೇ ಕೊಟ್ಲು. ಆಮೇಲೆ ತಲೆ ತಗ್ಗಿಸಿ, "ಆದ್ರೂ ಆ ರಿಪೋರ್ಟು ಪೂರ್ತಿ ಸುಳ್ಳಲ್ವೇನೋ ಅನ್ನಿಸ್ತಿದೆ ಈಗೀಗ. ಇಪ್ಪತ್ತೈದನೇ ತಾರೀಖು ಬನ್ನಿ. ಅವತ್ತು ಟಿ.ಸಿ. ವಿಷಯ ಹೇಳ್ತೀನಿ" ಅಂದ್ಲು.

ಬರ್ತಾ ಬಸ್ಸಲ್ಲಿ ಒಬ್ಬನೇ ನಗ್ತಿದ್ದೆ. ಪಕ್ಕದೋನು ಸೀಟು ಬದಲಾಯಿಸಿದ.

ಮೇ ೧೭, ಶನಿವಾರ

ಮೇಡಂ ಎರಡು ಹಾಳೆ ಪಕ್ಕಪಕ್ಕ ಇಟ್ರು. ಒಂದು ನಂದು, ಒಂದು ಆಶಾದು. ಬಹಳ ಹೊತ್ತು ನೋಡಿದ್ರು.

"ಕದಿರೇಶ್, ನಿಮ್ಮನೆಯವರು ಐದು ಹಾಕಿರೋ ಕಡೆಯೆಲ್ಲ ನೀವು ಒಂದು ಹಾಕಿದ್ದೀರಿ. ಅವರು ಒಂದು ಹಾಕಿರೋ ಕಡೆ ನೀವು ಐದು. ಗಂಡ ಹೆಂಡತಿ ಎಷ್ಟೇ ಜಗಳ ಆಡಿದ್ರೂ ಇಷ್ಟು ಲೆಕ್ಕವಾಗಿ ಆಡೋಕೆ ಆಗಲ್ಲ. ಕೂಗಾಡ್ತೀನಿ ಅನ್ನೋದಕ್ಕೆ ಒಂದು ಹಾಕಿದ್ದೀರಲ್ಲ, ಏನಂದ್ಕೊಂಡು ಹಾಕಿದ್ರಿ?"

"ಕೂಗಾಡ್ತೀನಿ ಅಂದ್ಕೊಂಡೇ ಮೇಡಂ. ಒಂದನೇ ನಂಬರ್ ಅಂದ್ರೆ ಅಪ್ಪಟ ಅಲ್ವಾ?"

ಅವರು ಹಣೆ ಮೇಲೆ ಕೈ ಇಟ್ಕೊಂಡ್ರು. ಹಾಳೆಯ ಮೇಲ್ಭಾಗ ತೋರಿಸಿದ್ರು. ಒಂದು ಅಂದ್ರೆ "ಸ್ವಲ್ಪವೂ ಇಲ್ಲ" ಅಂತೆ. ಐದು ಅಂದ್ರೆ "ಪೂರ್ತಿ ನಿಜ" ಅಂತೆ. ಶುರುವಿನಿಂದ ಕೊನೆವರೆಗೂ ತಲೆಕೆಳಗೆ ಹಾಕಿದ್ದೀನಿ. ರಿಪೋರ್ಟಲ್ಲಿದ್ದ ಮನುಷ್ಯ ನಾನಲ್ಲ. ನಾನು ಏನಲ್ವೋ ಅದನ್ನೆಲ್ಲ ಸೇರಿಸಿ ಒಬ್ಬನನ್ನ ಮಾಡಿದ್ರೆ ಅವನು.

"ತಪ್ಪು ನಂದು. ಪಕ್ಕದಲ್ಲಿ ಕೂತು ನೋಡ್ಬೇಕಿತ್ತು. ಅನುಮಾನ ಬಂದಾಗಲಾದ್ರೂ ಬಿಡಿಸಿ ಕೇಳ್ಬೇಕಿತ್ತು. ಕ್ಷಮಿಸಿ" ಅಂದ್ರು. ಸರಿಯಾದ ಲೆಕ್ಕ ಹಾಕಿ ಹೊಸದು ಬರ್ದುಕೊಟ್ರು. ಸಿಟ್ಟು ಬಹಳ ಜಾಸ್ತಿ. ಕೇಳಿಸಿಕೊಳ್ಳೋದು ಇಲ್ಲವೇ ಇಲ್ಲ. ಮನಸ್ಸಲ್ಲಿರೋದನ್ನ ಹೇಳಲ್ಲ.

"ಪರವಾಗಿಲ್ಲ ಬಿಡಿ ಮೇಡಂ, ನಾನೂ ಓದ್ಬೇಕಿತ್ತು" ಅಂದೆ. ಅವರಿಗೆ ಕಣ್ಣು ಕೆಂಪಗಾಗಿತ್ತು, ಪಾಪ. ಕೆಳಗಿನ ಅಂಗಡಿಯಿಂದ ಟೀ ತಂದುಕೊಟ್ಟೆ.

"ಈ ಮೂರು ವಾರ ಮಾರ್ಕೆಟ್ಟಲ್ಲಿ ಕೂಗಾಡದೆ ಇದ್ರಿ ಅಂತ ನೀವೇ ಹೇಳಿದ್ರಿ. ಅದು ಯಾರು ಮತ್ತೆ?" ಅಂತ ಕೇಳಿದ್ರು.

"ಅದು ರಿಪೋರ್ಟ್ ನೋಡ್ಕೊಂಡು ಇದ್ದಿದ್ದು ಮೇಡಂ. ಈಗ ರಿಪೋರ್ಟೇ ಇಲ್ವಲ್ಲ" ಅಂದೆ.

ಮನೆಗೆ ಬಂದು ಹಳೇ ರಿಪೋರ್ಟ್ ಇನ್ನೊಂದ್ಸಲ ಓದಿದೆ. ಆ ಮನುಷ್ಯ ನನಗೆ ಬಹಳ ಇಷ್ಟ ಆಗಿದ್ದ. ಸತ್ತುಹೋದ ಅಂತ ಯಾರೋ ಬಂದು ಹೇಳಿದಂಗಿದೆ.

ಮೇ ೧೯, ಸೋಮವಾರ

ಬೆಳಿಗ್ಗೆಯಿಂದ ಎಲ್ಲರ ಮೇಲೂ ಹಾರಾಡಿದೆ. ಬಾಕ್ಸ್ ಇಳಿಸೋರ ಮೇಲೆ, ಟೀ ತರೋನ ಮೇಲೆ. ಇದೇ ತಾನೇ ನಾನು? ಸೀಲ್ ಹಾಕಿ ಬರ್ದುಕೊಟ್ಟಿದ್ದಾರಲ್ಲ. ಶಾನವಾಜ್ ಏನೋ ಹೇಳೋಕೆ ಬಂದ, "ನಡಿಯಲೇ ಆಚೆಗೆ!" ಅಂದೆ, ಹತ್ತು ಮಂಡಿಗೆ ಕೇಳೋ ಹಂಗೆ.

ಅವನು, "ಏನಣ್ಣ, ಚೆನ್ನಾಗಿದ್ಯಲ್ಲ ಇಷ್ಟು ದಿನ" ಅಂತ ಹೋದ.

ಮಧ್ಯಾಹ್ನ ಊಟ ಸೇರಲಿಲ್ಲ. ಗಂಟಲು ಉರಿ. ಮೊದಲೆಲ್ಲ ಕೂಗಾಡಿದ ಮೇಲೆ ಹಗುರ ಆಗ್ತಿತ್ತು, ಇವತ್ತು ಆಗ್ಲಿಲ್ಲ. ಮೂರು ಗಂಟೆಗೆ ಶಾನವಾಜ್ ಅಂಗಡಿಗೆ ಹೋಗಿ ತಪ್ಪಾಯ್ತು ಕಣಪ್ಪಾ ಅಂದೆ. ಅವನು ಕುರ್ಚಿ ಒರೆಸಿ ಕೊಟ್ಟ.

ಮೇ ೨೨, ಗುರುವಾರ

ಆಶಾಗೆ ಹೇಳಬೇಕೋ ಬೇಡವೋ? ಹೇಳದಿದ್ರೆ ಇಪ್ಪತ್ತೈದಕ್ಕೆ ಹೊರಟು ಬರ್ತಾಳೆ, ಅವಳ ಮಾತಿನ ಧಾಟಿಯಲ್ಲೇ ಗೊತ್ತಾಗ್ತಿದೆ. ಆ ರಿಪೋರ್ಟು ನಂಬಿ ಬರ್ತಾಳೆ. ಹೇಳಿದ್ರೆ ಟಿ.ಸಿ.

ಮೇಡಂನ ಕೇಳಿದೆ, ಅವರು ಫೋನ್ ಮಾಡಿ ಹೇಳ್ತಾರಾ ಅಂತ. "ಅದು ನಿಮ್ಮ ವಿಷಯ, ನೀವು ಹೇಳಿ ಅನ್ನದೆ ನಾನು ಹೇಳಲ್ಲ" ಅಂದ್ರು. ಅವರೇ ಹೇಳಿಬಿಟ್ಟಿದ್ರೆ ಒಳ್ಳೇದಿತ್ತು.

ಇವತ್ತು ಫೋನಲ್ಲಿ ಆಶಾ, "ಸ್ಕೂಲ್ ಪರೀಕ್ಷೆ ಆದ ತಕ್ಷಣ ಇವಳು ಮಾಡಿ ಮುಗಿಸಿದ್ದ ಬೇಸಿಗೆ ರಜೆ ಹೋಂವರ್ಕ್ ಅಲ್ಲೇ ಬೀರು ಮೇಲಿದೆಯಂತೆ. ಬರ್ತಾ ತನ್ನಿ, ಜೋಪಾನ" ಅಂದ್ಲು. ನಮ್ಮ ಊರಿನ ಕೆರೆ ಅಂತ ಇಪ್ಪತ್ತು ಪುಟದ ಚಿತ್ರದ ಪುಸ್ತಕ. ಎಷ್ಟು ಚೆನ್ನಾಗಿ ಬರ್ದಿದ್ದಾಳೆ! ಇವಳಿಗೆ ಚಿತ್ರ ಬರುತ್ತೆ ಅಂತಾನೇ ನನಗೆ ಗೊತ್ತಿರಲಿಲ್ಲ.

ಮೇ ೨೫, ಭಾನುವಾರ

ಸುಸ್ತಾಗಿದೆ, ಆದ್ರೂ ಬರೀತೀನಿ.

ಎರಡು ರಿಪೋರ್ಟೂ ಜೇಬಲ್ಲಿಟ್ಕೊಂಡು ಹೋದೆ. ಊಟಕ್ಕೆ ಮುಂಚೆನೇ ಆಶಾನ ಜಗಲಿಗೆ ಕರೆದು ಹೊಸದನ್ನ ಓದಿದೆ. ಒಂದೂ ಬಿಡ್ಲಿಲ್ಲ. ನಂಬರ್ ಹೆಂಗೆ ತಿರುಗಾಮುರುಗಾ ಆಯ್ತು ಅಂತಾನೂ ಹೇಳಿದೆ. "ನೀನು ಮೊದಲನೇ ದಿನ ನಕ್ಕಿದ್ದೇ ಸರಿ ಕಣೇ. ಅವನು ಯಾರೂ ಇಲ್ಲ. ಇರೋದು ನಾನೇ" ಅಂದೆ.

ಅವಳು ಹಾಳೆ ಇಸ್ಕೊಂಡು ತಾನೂ ಓದಿದ್ಲು. "ಇದನ್ನ ತಿಳ್ಕೊಳ್ಳೋಕೆ ನಿಮಗೆ ಹಾಳೆ ಬೇಕಾಯ್ತಾ? ಹನ್ನೊಂದು ವರ್ಷದಿಂದ ನಾನು ಹೇಳ್ತಿರೋದೇ ಇದು" ಅಂದ್ಲು. ಆಮೇಲೆ ಗೋಡೆ ಕಡೆ ನೋಡ್ತಾ, "ನಾಳೆ ಸ್ಕೂಲ್ ಆಫೀಸ್ ತೆಗೆದಿರುತ್ತಾ?" ಅಂದ್ಲು. ತೆಗೆದಿರುತ್ತೆ ಅಂದೆ. ಟಿ.ಸಿ.ಗೆ ನನ್ನ ಸೈನ್ ಬೇಕಾಗುತ್ತೆ, ಹಾಕ್ತೀನಿ ಅಂದೆ. ನನ್ನ ಕಣ್ಣಲ್ಲಿ ನೀರು ಬಂತು, ಬರಲಿ ಅಂತ ಬಿಟ್ಟೆ. ಅವಳು ಎದ್ದು ಒಳಗೆ ಹೋದ್ಲು.

ಇನ್ನೊಂದು ರಾಮಾಯಣ ಆಮೇಲೆ ಆಯ್ತು. ಶ್ರೀನಿವಾಸಪುರದ ಮಾಲು ಚೆನ್ನಾಗಿ ಬಂದಿತ್ತು ಅಂತ ಮಗೂಗೆ ನಾಲ್ಕು ಮಾವಿನಹಣ್ಣು ತಗೊಂಡಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳ, ಹೋಂವರ್ಕ್ ಪುಸ್ತಕದ ಜೊತೆ ಒಂದೇ ಚೀಲಕ್ಕೆ ಹಾಕಿದ್ದೆ. ಬಸ್ಸಲ್ಲಿ ಯಾರೋ ಅದರ ಮೇಲೆ ಕೂತಿರಬೇಕು. ಶಿರೀಷ ಚೀಲದಿಂದ ಪುಸ್ತಕ ತೆಗೆದ್ರೆ ರಸ ಸೋರ್ತಾ ಇದೆ. ಕೆರೆ, ಮರ, ಹಕ್ಕಿ ಎಲ್ಲ ಹಳದಿ.

"ಅಪ್ಪಾ!" ಅಂತ ಕಿರುಚಿದ್ಲು. "ಏನ್ ಮಾಡಿದ್ದೀಯ ನೋಡು! ನಿಂಗೆ ಒಂದು ಕೆಲಸಾನೂ ನೆಟ್ಟಗೆ ಮಾಡೋಕೆ ಬರಲ್ವಾ? ಯಾರಾದ್ರೂ ಹಣ್ಣಿನ ಜೊತೆ ಪುಸ್ತಕ ಇಡ್ತಾರಾ? ಬುದ್ಧಿ ಇಲ್ವಾ ನಿಂಗೆ?" ಅಪ್ಪಚ್ಚಿಯಾದ ಒಂದು ಹಣ್ಣು ಎತ್ತಿ ಅಂಗಳಕ್ಕೆ ಬಿಸಾಕಿದ್ಲು. ಅತ್ತೆ ಮುದ್ದೆ ತಿರುವೋದು ನಿಲ್ಲಿಸಿದ್ರು. ಆಶಾ ಓಡಿಬಂದು ಬಾಗಿಲಲ್ಲಿ ನಿಂತ್ಲು. ಯಾರೂ ಅಲ್ಲಾಡ್ತಿಲ್ಲ.

"ಬರಲ್ಲ ಕಣಮ್ಮ. ತಪ್ಪಾಯ್ತು" ಅಂದೆ. ಇನ್ನೇನು ಹೇಳೋದು, ಮಗು ಹೇಳಿದ್ರಲ್ಲಿ ತಪ್ಪೇನಿದೆ? ಇಪ್ಪತ್ತು ಪುಟ ಹಾಳು. "ಎಷ್ಟು ಪುಟ ಮತ್ತೆ ಬರೀಬೇಕು ಹೇಳು, ಗೆರೆ ನಾನು ಹಾಕಿಕೊಡ್ತೀನಿ."

"ನೀನು ಹಾಕಿದ್ರೆ ಸೊಟ್ಟ ಬರುತ್ತೆ!"

"ಸೊಟ್ಟ ಬಂದ್ರೆ ಬೈಯಿ."

ಅಂಗಡಿಯಿಂದ ಡ್ರಾಯಿಂಗ್ ಹಾಳೆ ತಂದೆ. ಮೂರು ಗಂಟೆ ನೆಲದ ಮೇಲೆ ಕೂತು ಗೆರೆ ಎಳೆದೆ, ಸೊಂಟ ಬಿದ್ದುಹೋಯ್ತು. ನಾಲ್ಕು ಸಲ ಬೈದ್ಲು. ಕೆರೆ ಏರಿ ಎತ್ತರ ಆಯ್ತಂತೆ, ಅಳಿಸು ಅಂದ್ಲು, ಅಳಿಸಿದೆ. ಬಾತುಕೋಳಿ ಕೋಳಿ ಥರ ಇದೆಯಂತೆ. ಕೊನೆಗೆ ನನ್ನ ತೊಡೆ ಮೇಲೆ ಮೊಣಕೈ ಊರಿಕೊಂಡೇ ಬಣ್ಣ ತುಂಬಿದ್ಲು, ಇನ್ನೂ ಗೊಣಗ್ತಾನೇ ಇದ್ಲು.

ತಲೆ ಎತ್ತಿ ನೋಡಿದ್ರೆ ಆಶಾ ಬ್ಯಾಗಿಗೆ ಬಟ್ಟೆ ತುಂಬ್ತಾ ಇದ್ದಾಳೆ. ಅವಳ ಬಟ್ಟೆ, ಮಗೂನ ಬಟ್ಟೆ, ಎಲ್ಲ.

"ಟಿ.ಸಿ.ಗೆ ನಾಳೆ ತಾನೇ?" ಅಂದೆ.

"ಟಿ.ಸಿ. ಬೇಡ. ಐದೂವರೆ ಬಸ್ಸಿಗೆ ಹೊರಡೋಣ. ಇನ್ನೊಂದು ತಟ್ಟೆ ಹಾರಿದ್ರೆ ಮಾತ್ರ ನಾನು ಹೇಳದೆ ಕೇಳದೆ ಹೋಗ್ತೀನಿ, ತಿಳ್ಕೊಳ್ಳಿ."

"ಆಯ್ತು. ಆದ್ರೆ ಇದ್ದಕ್ಕಿದ್ದಂಗೆ ಯಾಕೆ?"

"ಅವಳು ನಿಮ್ಮ ಮೇಲೆ ಕೂಗಾಡಿದ್ಲು ಕಣ್ರೀ" ಅಂದ್ಲು.

"ಅದಕ್ಕೇನೀಗ? ಪುಸ್ತಕ ಹಾಳಾದ್ರೆ ಮಕ್ಕಳು ಕೂಗಾಡಲ್ವಾ?" ಅಂದೆ. ಅವಳು ಸೆರಗಲ್ಲಿ ಮುಖ ಮುಚ್ಕೊಂಡು ಅತ್ತಳು. ಹೋಂವರ್ಕಿಗೆ ಅಷ್ಟು ಅಳೋ ಅಂಥದ್ದೇನಿತ್ತು ಅಂತ ನನಗೆ ತಿಳೀಲಿಲ್ಲ. ಬ್ಯಾಗ್ ಎತ್ಕೊಂಡು ಬಸ್ ಸ್ಟಾಪಿಗೆ ಬಂದ್ವಿ.